ದೇವರು ನೋಡುತ್ತಾನೆ ಅನ್ನೋದು ನಿಮಗೆ ಭಯವಾ, ಧೈರ್ಯವಾ?

ಕೇಳಿದ್ದು:

ಅತ್ತೆಗೆ ಲಕ್ವ ಹೊಡೆದು 20 ತಿಂಗಳಾಯಿತು. ಬಲಗಡೆ ಸ್ವಾಧೀನವಿಲ್ಲ, ಮಾತೂ ನಿಂತಿದೆ. ಬೆನ್ನು ಹುಣ್ಣಾಗದ ಹಾಗೆ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿ ಎಲ್ಲ ನಾನೇ. ಮೊನ್ನೆ 3 ಗಂಟೆ ಹೊತ್ತಿಗೆ ಬಟ್ಟೆ ಬದಲಿಸಿ ಐದು ನಿಮಿಷ ಆಗಿರಲಿಲ್ಲ, ಮತ್ತೆ ಒದ್ದೆಯಾಯಿತು. ಬಾಯಿಗೆ ಬಂದದ್ದು ಅಂದುಬಿಟ್ಟೆ. ಒರಟಾಗಿ ತಿರುಗಿಸಿದೆ. ಮನೆಯವರೆಲ್ಲ ಮಲಗಿದ್ದರು, ಅತ್ತೆಗೆ ಹೇಳೋಕೆ ಬಾಯಿಲ್ಲ. ಆಮೇಲೆ ದೇವರ ಗೂಡಿನ ದೀಪ ಕಣ್ಣಿಗೆ ಬಿತ್ತು, ಕೈಕಾಲು ತಣ್ಣಗಾಯಿತು. ತಪ್ಪು ಮಾಡಿದರೆ ದೇವರು ಕಣ್ಣು ಕೀಳ್ತಾನೆ ಅಂತ ಅಜ್ಜಿ ಹೇಳುತ್ತಿದ್ದರು. ಅವನು ನೋಡುತ್ತಾನೆ ಅನ್ನೋದರಿಂದ ನಿಮ್ಮಲ್ಲಿ ಯಾರಿಗಾದರೂ ನೆಮ್ಮದಿ ಸಿಕ್ಕಿದೆಯಾ?

ಊರಿನ ಹಾಲಿನ ಡೇರಿಯಲ್ಲಿ ಕೆಲಸ ಮಾಡಿದವರೊಬ್ಬರು:

ತಂಗಿ, ನಾನು 22 ವರ್ಷ ಹಾಲು ಅಳೆದವನು. ಬೆಳಿಗ್ಗೆ, ಸಂಜೆ, ಎರಡು ಹೊತ್ತು. ಲ್ಯಾಕ್ಟೋಮೀಟರ್ ಬಿಟ್ಟು ಡಿಗ್ರಿ ನೋಡುವವನೂ ನಾನೇ, ಕಾರ್ಡಿನಲ್ಲಿ ಬರೆಯುವವನೂ ನಾನೇ. ಸೇರಿದ ಹೊಸದರಲ್ಲಿ ಮಗಳ ಫೀಸಿಗೆ ದುಡ್ಡಿರಲಿಲ್ಲ. ಒಬ್ಬೊಬ್ಬರ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪ ಕಮ್ಮಿ ಬರೆದು ಉಳಿದದ್ದನ್ನು ನಮ್ಮ ಹಸುವಿನ ಲೆಕ್ಕಕ್ಕೆ ಸೇರಿಸಿದೆ. 11 ದಿನ ಹೀಗೆ ನಡೆಯಿತು. ಹನ್ನೊಂದನೆಯ ದಿನ ಒಂದೇ ಹಸು ಇದ್ದ ಒಬ್ಬ ಅಜ್ಜಿ ಕಾರ್ಡ್ ನೋಡದೇ ಸೊಂಟಕ್ಕೆ ಸಿಕ್ಕಿಸಿಕೊಂಡು, "ನೀನು ಬರೆದ ಮೇಲೆ ಮುಗೀತು ಬಿಡಪ್ಪ" ಅಂದರು.

ಕನಕದಾಸರ ಬಾಳೆಹಣ್ಣಿನ ಕಥೆ ನಮಗೆಲ್ಲ ಗೊತ್ತಲ್ವಾ. ಯಾರೂ ನೋಡದ ಕಡೆ ಹೋಗಿ ತಿಂದು ಬನ್ನಿ ಅಂತ ವ್ಯಾಸರಾಯರು ಶಿಷ್ಯರಿಗೆ ಹಣ್ಣು ಕೊಟ್ಟರು. ಉಳಿದವರು ಕೋಣೆಯಲ್ಲೋ ಮರದ ಮೇಲೋ ಕೂತು ತಿಂದು ಬಂದರು, ಕನಕ ಮಾತ್ರ ಹಣ್ಣನ್ನು ಹಾಗೇ ವಾಪಸ್ ತಂದ. ಆ ಕಥೆ ನನಗೆ ಅವತ್ತು ರಾತ್ರಿ ಬಹಳ ಕಷ್ಟ ಕೊಟ್ಟಿತು. ಕನಕ ತಿಂದಿರಲಿಲ್ಲ. ನಾನು ತಿಂದಾಗಿತ್ತು. ತಿಂದು ಬಂದ ಆ ಉಳಿದ ಶಿಷ್ಯರು ಆಮೇಲೆ ಏನು ಮಾಡಿದರು ಅಂತ ಕಥೆ ಹೇಳುವುದೇ ಇಲ್ಲ. ಗುರುಗಳು ಅವರನ್ನು ಮಠದಿಂದ ಓಡಿಸಿದರು ಅಂತಲೂ ನಾನು ಎಲ್ಲೂ ಕೇಳಿಲ್ಲ. ಅಷ್ಟೇ ಹಿಡಿದುಕೊಂಡೆ. ಮುಂದಿನ ತಿಂಗಳು ಪೂರ್ತಿ, ಕಮ್ಮಿ ಬರೆದಷ್ಟನ್ನೂ ನಮ್ಮ ಮನೆ ಹಾಲಿನಿಂದ ತೆಗೆದು ಅವರವರ ಕಾರ್ಡಿಗೆ ಸೇರಿಸಿದೆ. ಅಜ್ಜಿಯ ಎದುರು ಬಾಯಿಬಿಟ್ಟು ಹೇಳಿದೆ. ಬೈದರು. ಮಾರನೇ ದಿನ ಎಂದಿನ ಹಾಗೇ ಹಾಲು ತಂದರು.

ಇನ್ನೊಂದು ಮುಖ ನನಗೆ ಕಂಡದ್ದು 14 ವರ್ಷ ಕಳೆದ ಮೇಲೆ. ಡೇರಿ ಲೆಕ್ಕದಲ್ಲಿ ದುಡ್ಡು ಕಮ್ಮಿ ಬಂತು, ಎಲ್ಲರೂ ನನ್ನ ಕಡೆ ಬೆರಳು ತೋರಿಸಿದರು. ನಾನು ಮುಟ್ಟಿರಲಿಲ್ಲ. ಲೆಕ್ಕ ಸರಿಹೋಗೋಕೆ ಆರು ತಿಂಗಳು ಹಿಡಿಯಿತು. ಅಷ್ಟು ದಿನ ಅರಳಿಕಟ್ಟೆಯಲ್ಲಿ ನಾನು ಹೋಗಿ ಕೂತರೆ ಮಾತು ನಿಲ್ಲುತ್ತಿತ್ತು. ಕಲ್ಯಾಣದಲ್ಲಿ ಬಿಜ್ಜಳನ ಬೊಕ್ಕಸ ನೋಡಿಕೊಳ್ಳುತ್ತಿದ್ದ ಬಸವಣ್ಣನವರ ಮೇಲೇ ಚಾಡಿ ಹೋಗಿತ್ತಂತೆ, ನಾನು ಯಾವ ಲೆಕ್ಕ ಅಂದುಕೊಂಡು ದಿನ ದೂಡಿದೆ. ಆದರೆ ರಾತ್ರಿ ನಿದ್ದೆ ಬರಿಸಿದ್ದು ಒಂದೇ ಯೋಚನೆ. ಆ 11 ದಿನ ಕದ್ದದ್ದನ್ನು ಕಂಡವನು, ಈಗ ಕದಿಯದ್ದನ್ನೂ ಕಂಡಿದ್ದಾನೆ. ನೀವು ಅತ್ತೆಗೆ ಬೈದ ಐದು ನಿಮಿಷ ಅವನು ನೋಡಿದ್ದು ನಿಜವಾದರೆ, ನಿದ್ದೆಗೆಟ್ಟು ಮಗ್ಗುಲು ಬದಲಿಸಿದ ಈ 20 ತಿಂಗಳ ರಾತ್ರಿಗಳನ್ನೂ ನೋಡಿದ್ದಾನೆ ತಾಯಿ. ಒಂದನ್ನು ಮಾತ್ರ ನಂಬಿ ಇನ್ನೊಂದನ್ನು ಬಿಡಬೇಡಿ.

ಹುಬ್ಬಳ್ಳಿಯಿಂದ ಒಬ್ಬರು:

ಅಣ್ಣಾವ್ರ ಹಾಲಿನ ಮಾತು ಓದಿ ನಮ್ಮ ಅಮ್ಮ ಹೇಳುತ್ತಿದ್ದ ಕಥೆ ನೆನಪಾಯಿತು. ಖಲೀಫ ಉಮರ್ ರಾತ್ರಿ ಹೊತ್ತು ಮದೀನಾದ ಬೀದಿ ಸುತ್ತುತ್ತಿದ್ದರಂತೆ. ಒಂದು ಮನೆಯೊಳಗೆ ತಾಯಿ ಮಗಳಿಗೆ ಹಾಲಿಗೆ ನೀರು ಬೆರೆಸು, ಉಮರ್ ಇಲ್ಲಿ ನೋಡುತ್ತಾರಾ ಅಂದಳು. ಉಮರ್ ನೋಡದಿದ್ದರೆ ಉಮರ್‌ನ ಒಡೆಯ ನೋಡುತ್ತಾನಮ್ಮ ಅಂದಳು ಮಗಳು. ಅಲ್ಲಾಹನ ಹೆಸರುಗಳಲ್ಲಿ ಅಲ್-ಬಸೀರ್ ಅಂದರೆ ಎಲ್ಲ ನೋಡುವವನು, ಅರ್-ರಹ್ಮಾನ್ ಅಂದರೆ ಕರುಣಾಮಯಿ. ಇಬ್ಬರೂ ಒಬ್ಬನೇ ಅಲ್ವಾ ಅಕ್ಕಾ. ಅಮ್ಮ ಕಥೆ ಮುಗಿಸಿ ಇಷ್ಟು ಹೇಳಿ ತಲೆ ಸವರುತ್ತಿದ್ದರು. ನಿಮ್ಮ ಅಜ್ಜಿ ಎರಡನೆಯದನ್ನು ಹೇಳೋಕೆ ಮರೆತಿರಬೇಕು.

ಮಂಗಳೂರಿನ ಒಬ್ಬ ನರ್ಸ್:

ರಾತ್ರಿ ಪಾಳಿಯಲ್ಲಿ ನನಗೆ ಹತ್ತಿರವಾದವಳು ಬೈಬಲಿನ ಹಾಗರ್. ದಾಸಿ, ಬಸುರಿ, ಯಜಮಾನಿಯ ಕಾಟ ತಾಳದೆ ಮರುಭೂಮಿಗೆ ಓಡಿಹೋದವಳು. ಅಲ್ಲಿ ಒಂದು ಬುಗ್ಗೆಯ ಹತ್ತಿರ ದೇವದೂತ ಅವಳನ್ನು ಹೆಸರು ಹಿಡಿದು ಕರೆದ. ಅವಳು ದೇವರಿಗೇ ಒಂದು ಹೆಸರಿಟ್ಟಳು, ನನ್ನನ್ನು ನೋಡುವ ದೇವರು ಅಂತ. ಅಲ್ಲಿವರೆಗೆ ಅವಳನ್ನು ಯಾರೂ ಕಣ್ಣೆತ್ತಿ ನೋಡಿರಲಿಲ್ಲ ಅನ್ನಿಸುತ್ತದೆ ನನಗೆ.

ಆದರೆ ಒಂದು ಮಾತು ಖಂಡಿತ ಹೇಳಬೇಕು. ದೇವರು ನೋಡುತ್ತಾನೆ ಅಂತ ಮನೆಯವರು ನೋಡದೇ ಇರೋದು ಸರಿಯಲ್ಲ. 20 ತಿಂಗಳು ಒಬ್ಬರೇ ರಾತ್ರಿ ಎದ್ದರೆ ಯಾರ ಕೈಯಾದರೂ ಒರಟಾಗುತ್ತದೆ, ನಾನು ವಾರ್ಡಿನಲ್ಲಿ ಕಂಡಿದ್ದೇನೆ. ಗಂಡನಿಗೆ ನಡೆದದ್ದನ್ನು ಮುಚ್ಚಿಡದೆ ಹೇಳಿ, ಪಾಳಿ ಹಂಚಿಕೊಳ್ಳಿ. ಮತ್ತೆ, ಮಾತು ನಿಂತವರಿಗೆ ನಾವು ಹೇಳಿದ್ದು ಎಷ್ಟೋ ಸಲ ಅರ್ಥವಾಗುತ್ತದೆ. ಅತ್ತೆಯ ಹತ್ತಿರ ಕೂತು ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳಿ.

ಕೇಳಿದವರು, ಎರಡು ದಿನ ಬಿಟ್ಟು:

ನಿನ್ನೆ ರಾತ್ರಿ 1 ಗಂಟೆಗೆ ಮಗ್ಗುಲು ಬದಲಿಸುವಾಗ ಹೇಳಿದೆ. ಅತ್ತೆ ಸುಮ್ನೆ ನೋಡಿದರು, ಆಮೇಲೆ ಎಡಗೈಯಿಂದ ನನ್ನ ಬಳೆ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಬೆಳಿಗ್ಗೆ ಇವರಿಗೂ ಹೇಳಿದೆ. ಮಂಗಳವಾರ, ಶನಿವಾರ ರಾತ್ರಿ ಇನ್ನು ಮೇಲೆ ಇವರದ್ದು.