ದೊಡ್ಡಪ್ಪನಿಗೆ ಕಾಣದ ಚೆಂಡು

ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ 'ಅರಸೀಕೆರೆ ಬಳಗ' ಅಂತ ಹೆಸರು. ಅರಸೀಕೆರೆಯಲ್ಲಿ ಈಗ ಇರುವುದು ದೊಡ್ಡಪ್ಪ, ದೊಡ್ಡಮ್ಮ ಇಬ್ಬರೇ. ಉಳಿದವರೆಲ್ಲ ದಿಕ್ಕಿಗೊಬ್ಬರು.

2025ರ ಮಾರ್ಚ್ 24, ಸೋಮವಾರ. ಯುಗಾದಿಗೆ ಇನ್ನು ಆರು ದಿನ. ಅಮ್ಮ ಒಬ್ಬಟ್ಟಿಗೆ ತಲೆ ಎಣಿಸುತ್ತಿದ್ದರು. ಅದರ ಮಧ್ಯೆ ಅಮೆರಿಕದ ಮ್ಯಾಡಿಸನ್‌ನಲ್ಲಿ ಓದುತ್ತಿರುವ ತಂಗಿ ಒಂದು ವಿಡಿಯೊ ಹಾಕಿದಳು. ಅವತ್ತಿನ ಜಗಳವನ್ನು ಇಲ್ಲಿ ಇಳಿಸಿದ್ದೇನೆ. ಗುಲಾಬಿ ಹೂವು, ಕೈ ಮುಗಿದ ಚಿತ್ರಗಳನ್ನೆಲ್ಲ ತೆಗೆದಿದ್ದೇನೆ. ದೊಡ್ಡಪ್ಪನ ಒಪ್ಪಿಗೆ ಕೇಳಿದೆ. "ಹಾಕು, ನನಗೇನು ಹೆದರಿಕೆ" ಅಂದರು.

ಸ್ಫೂರ್ತಿ: ಗೆದ್ವಿ!!! ನಮ್ಮ ವಿಸ್ಕಾನ್ಸಿನ್ ಯೂನಿವರ್ಸಿಟಿ ಹುಡುಗಿಯರು ಐಸ್ ಹಾಕಿ ನ್ಯಾಷನಲ್ ಚಾಂಪಿಯನ್! ಓಹಾಯೋ ಸ್ಟೇಟ್ ಮೇಲೆ 4-3, ಓವರ್‌ಟೈಮ್. ಕಿರುಚಿ ಕಿರುಚಿ ಗಂಟಲು ಹೋಗಿದೆ.

ಅಮ್ಮ: ಬಿಸಿನೀರು ಕುಡಿ. ಊಟ ಆಯ್ತಾ?

ದೊಡ್ಡಪ್ಪ: ಸಂತೋಷ ಮಗಳೇ. ಚೆಂಡೆಲ್ಲಿದೆ? ನನಗೆ ಕಾಣುತ್ತಲೇ ಇಲ್ಲ.

ಸ್ಫೂರ್ತಿ: ಚೆಂಡಲ್ಲ ದೊಡ್ಡಪ್ಪ, ಪಕ್. ಕಪ್ಪು ರಬ್ಬರ್ ಬಿಲ್ಲೆ. ಒಂದಿಂಚು ದಪ್ಪ, ಮೂರಿಂಚು ಅಗಲ. ಪುಟಿಯಬಾರದು ಅಂತ ಆಟಕ್ಕೆ ಮುಂಚೆ ಫ್ರೀಜರ್‌ನಲ್ಲಿ ಇಟ್ಟಿರುತ್ತಾರೆ.

ಅಮ್ಮ: ತರಕಾರಿ ಜೊತೆಗಾ?

ಗಿರೀಶ್ ಮಾವ: ಹುಡುಗಿಯರ ಆಟ ನೋಡುವುದಕ್ಕೆ ಅಲ್ಲಿ ಜನ ಬರುತ್ತಾರಾ?

ಸ್ಫೂರ್ತಿ: ಮಾವ, ಇಲ್ಲಿ ಹುಡುಗಿಯರ ಹಾಕಿಗೆ ಅಂತಲೇ 2012ರಲ್ಲಿ ಸ್ಟೇಡಿಯಂ ಕಟ್ಟಿದ್ದಾರೆ. 2,273 ಸೀಟು. ಟಿಕೆಟ್ಟಿಗೆ ನಾನೇ ಎರಡು ಸಲ ಒದ್ದಾಡಿದ್ದೇನೆ. 2017ರಲ್ಲಿ ಒಂದು ಪಂದ್ಯವನ್ನು ಪಕ್ಕದ ದೊಡ್ಡ ಸ್ಟೇಡಿಯಂನಲ್ಲಿ ಆಡಿಸಿದರು. 15,359 ಜನ ಬಂದಿದ್ದರು.

ಗಿರೀಶ್ ಮಾವ: ಓಹೋ.

(ಮಾವ ಆಮೇಲೆ ಮಧ್ಯಾಹ್ನದವರೆಗೂ ಮಾತಾಡಲಿಲ್ಲ.)

ದೊಡ್ಡಪ್ಪ: ಸ್ಫೂರ್ತಿ, ವಿಡಿಯೊದಲ್ಲಿ ಎಲ್ಲರೂ ಸುಮ್ಮನೆ ನಿಂತಿದ್ದಾರೆ. ಒಬ್ಬಳು ಮಾತ್ರ ಜಾರಿಕೊಂಡು ಹೋಗಿ ಗೋಲು ಹೊಡೆಯುತ್ತಾಳೆ. ಮಿಕ್ಕವರಿಗೆ ಏನಾಗಿತ್ತು?

ಸ್ಫೂರ್ತಿ: ಅದೇ ಇಡೀ ಸೀಸನ್ನಿನ ಕಥೆ! ಆಟ ಮುಗಿಯುವುದಕ್ಕೆ 18.9 ಸೆಕೆಂಡು ಇತ್ತು. ನಾವು 2-3ರಲ್ಲಿ ಹಿಂದೆ. ಅವರ ಗೋಲಿನ ಮುಂದೆ ಒಂದೇ ಗುಂಪುಗೂಡಿ ಗುದ್ದಾಟ. ಗೋಲಿನ ಮುಂದೆ ನೀಲಿ ಬಣ್ಣದ ಜಾಗ ಇದೆಯಲ್ಲ, ಅದರೊಳಗೆ ಪಕ್ ಮೇಲೆ ಕೈ ಮುಚ್ಚುವ ಹಕ್ಕು ಗೋಲಿ, ಅಂದರೆ ಗೋಲ್‌ಕೀಪರ್‌ಗೆ ಮಾತ್ರ. ಅವರ ಬೇರೆ ಆಟಗಾರ್ತಿ ಒಬ್ಬಳು ಕೈ ಮುಚ್ಚಿದಳು. ನಮ್ಮ ಕೋಚ್ ವಿಡಿಯೊ ನೋಡಿ ಅಂತ ಕೇಳಿದರು. ರೆಫರಿಗಳು ನೋಡಿ ಪೆನಾಲ್ಟಿ ಶಾಟ್ ಕೊಟ್ಟರು. ಕರ್ಸ್ಟನ್ ಸಿಮ್ಸ್ ಹೊಡೆದಳು, 3-3. ಓವರ್‌ಟೈಮ್‌ನ ಮೂರನೇ ನಿಮಿಷದಲ್ಲಿ ಗೆಲುವಿನ ಗೋಲೂ ಅವಳದೇ.

ದೊಡ್ಡಪ್ಪ: ಅಂದರೆ ಆಟ ನಡೆಯುವಾಗ ರೆಫರಿ ಸೀಟಿ ಊದಿರಲಿಲ್ಲ.

ಸ್ಫೂರ್ತಿ: ಕೈ ಮುಚ್ಚಿದ್ದಕ್ಕೆ ಊದಿರಲಿಲ್ಲ.

ದೊಡ್ಡಪ್ಪ: ಹಾಗಾದರೆ ಇದು ಗೆಲುವಲ್ಲ, ಅರ್ಜಿ ಹಾಕಿ ತಗೊಂಡಿದ್ದು.

(ಗೊತ್ತಿಲ್ಲದವರಿಗೆ ಹೇಳುತ್ತೇನೆ. ದೊಡ್ಡಪ್ಪ ಪಿ.ಟಿ. ಮೇಷ್ಟ್ರಾಗಿದ್ದವರು. ಅವರ ಹಿತ್ತಾಳೆ ಸೀಟಿ ಈಗಲೂ ಕ್ಯಾಲೆಂಡರ್ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ. ಮೊಮ್ಮಕ್ಕಳು ಮಾವಿನ ಮರ ಹತ್ತಿದರೆ ಊದುತ್ತಾರೆ. ಊದಿದ ಮೇಲೆ ವಾದ ಇಲ್ಲ. ಇಳಿಯುವುದೇ.)

ನಾನು: ದೊಡ್ಡಪ್ಪ, ಕ್ರಿಕೆಟ್‌ನಲ್ಲಿ ಡಿಆರ್‌ಎಸ್ ಇಲ್ವಾ? ಮೊನ್ನೆ ಆರ್‌ಸಿಬಿ ಈಡನ್ ಗಾರ್ಡನ್ಸ್‌ನಲ್ಲಿ ಗೆದ್ದಾಗ ನೀವೇ ಅಲ್ವಾ "ರಿವ್ಯೂ ತಗೋ, ರಿವ್ಯೂ ತಗೋ" ಅಂತ ಟಿವಿಗೆ ಹೇಳುತ್ತಿದ್ದುದು? ದೊಡ್ಡಮ್ಮ ಸಾಕ್ಷಿ.

ದೊಡ್ಡಮ್ಮ: ಹೌದು.

ದೊಡ್ಡಪ್ಪ: ಅದು ಬೇರೆ.

ಸ್ಫೂರ್ತಿ: ಹೇಗೆ ಬೇರೆ? ಸೆಪ್ಟೆಂಬರ್ ಕೊನೆಯಿಂದ ಆಡಿದ್ದಾರೆ ದೊಡ್ಡಪ್ಪ. 41 ಪಂದ್ಯ. 38 ಗೆಲುವು, 2 ಡ್ರಾ, ಒಂದೇ ಒಂದು ಸೋಲು. ಕೇಸಿ ಓಬ್ರಿಯನ್ ಅಂತ ಒಬ್ಬಳು 26 ಗೋಲು ಹೊಡೆದು 62 ಗೋಲಿಗೆ ಪಾಸ್ ಕೊಟ್ಟಿದ್ದಾಳೆ. ಈ ವರ್ಷದ ಅತ್ಯುತ್ತಮ ಆಟಗಾರ್ತಿ ಪ್ರಶಸ್ತಿ ಅವಳಿಗೇ. ಸೆಮಿಫೈನಲ್‌ನಲ್ಲಿ ಮಿನೆಸೋಟಕ್ಕೆ ಅವರದೇ ಅಂಗಳದಲ್ಲಿ 6-2. ಇಷ್ಟೆಲ್ಲ ಅರ್ಜಿ ಹಾಕಿ ಬರುತ್ತದಾ?

ದೊಡ್ಡಪ್ಪ: ಅದೇ ನಾನೂ ಕೇಳುವುದು. 38 ಗೆದ್ದವರಿಗೆ ಕೊನೆಯಲ್ಲಿ ಇದು ಯಾಕೆ ಬೇಕಿತ್ತು? ಸೋಲು ಅಂತ ಒಂದಿರುತ್ತದೆ. ಒಪ್ಪಿಕೊಂಡು ಕೈ ಕುಲುಕಿ ಬರಬೇಕು.

ಸ್ಫೂರ್ತಿ: ಹೋದ ವರ್ಷ ಕೈ ಕುಲುಕಿ ಬಂದರಲ್ಲ! 2023ರ ಫೈನಲ್‌ನಲ್ಲಿ ಇದೇ ಓಹಾಯೋ ಮೇಲೆ 1-0 ಗೆದ್ದರು. ಅವತ್ತೂ ಆ ಒಂದು ಗೋಲು ಸಿಮ್ಸ್‌ದೇ. 2024ರ ಫೈನಲ್‌ನಲ್ಲಿ ಇದೇ ಓಹಾಯೋಗೆ 0-1 ಸೋತರು. ಇದು ಮೂರನೇ ವರ್ಷ, ಅದೇ ಇಬ್ಬರು. ಈಗ ನಮ್ಮದು 8 ಕಪ್ ಆಯ್ತು.

ನಾನು: ಎಂಟಾ? ಆರ್‌ಸಿಬಿಗೆ ಯಾರೂ ಹೇಳಬೇಡಿ, ಪಾಪ.

ಸ್ಫೂರ್ತಿ: ಆರ್‌ಸಿಬಿಗೆ ಹೋದ ವರ್ಷ ಕಪ್ ತಂದವರೂ ಹುಡುಗಿಯರೇ ಅಣ್ಣ.

(ಇಲ್ಲಿ ನನಗೂ ಗಿರೀಶ್ ಮಾವನ ಗತಿಯೇ ಆಯ್ತು. ಆದರೆ ನಾನು ಸುಮ್ಮನೆ ಕೂರಲಿಲ್ಲ. ಗುಂಪಿನ ಹಳೇ ಮೆಸೇಜುಗಳನ್ನು ಹುಡುಕಿದೆ. ಸಿಕ್ಕಿತು.)

ನಾನು: ದೊಡ್ಡಪ್ಪ, 2022ರ ಸೆಪ್ಟೆಂಬರ್ 24. ಲಾರ್ಡ್ಸ್‌ನಲ್ಲಿ ದೀಪ್ತಿ ಶರ್ಮಾ ಬೌಲಿಂಗ್ ಮಾಡುವ ಮುಂಚೆಯೇ ಗೆರೆ ಬಿಟ್ಟಿದ್ದ ಚಾರ್ಲಿ ಡೀನ್‌ಳನ್ನು ರನೌಟ್ ಮಾಡಿದ ದಿನ. ಅವತ್ತು ನೀವು ಇಲ್ಲೇ ಬರೆದದ್ದು: "ನಿಯಮ ಪುಸ್ತಕದಲ್ಲಿ ಇದ್ದ ಮೇಲೆ ನಾಚಿಕೆ ಯಾಕೆ? ಇಂಗ್ಲೆಂಡಿನವರು ಅಳಲಿ." ಇವತ್ತು ಪುಸ್ತಕ ಎಲ್ಲಿ ಹೋಯ್ತು?

ದೊಡ್ಡಪ್ಪ: ಹಳೇ ಕಡತ ಕೆದಕುವುದು ವಕೀಲರ ಬುದ್ಧಿ. ಆದರೂ ಹೇಳುತ್ತೇನೆ ಕೇಳು. ದೀಪ್ತಿ ಮಾಡಿದ್ದು ಅಂಪೈರ್ ಪಕ್ಕದಲ್ಲೇ. ಇಲ್ಲಿ ಕೈ ಇಟ್ಟಿದ್ದನ್ನು ರೆಫರಿ ನೋಡಲಿಲ್ಲ. ಅವನು ನೋಡಲಿಲ್ಲ ಅಂದಮೇಲೆ ಅದು ನಡೆದಿಲ್ಲ. ಆಟ ಅಂದರೆ ಅಷ್ಟೇ. ನಾನು ಎಷ್ಟೋ ತಾಲ್ಲೂಕು, ಜಿಲ್ಲಾ ಪಂದ್ಯಗಳಿಗೆ ಸೀಟಿ ಊದಿದ್ದೇನೆ. ಗಂಟೆಗಟ್ಟಲೆ ಬಿಸಿಲಲ್ಲಿ ಓಡಿದ ಮನುಷ್ಯನಿಗೆ "ನಿನ್ನ ಕಣ್ಣು ಸರಿಯಿಲ್ಲ, ಟಿವಿ ನೋಡಿ ಬಾ" ಅಂದರೆ ಅವನ ಸೀಟಿಗೆ ಏನು ಬೆಲೆ?

ಈ ಮಾತಿಗೆ ಒಂದಿಷ್ಟು ಹೊತ್ತು ಯಾರೂ ಉತ್ತರ ಕೊಡಲಿಲ್ಲ. ನಿಜ ಹೇಳಬೇಕೆಂದರೆ ನನಗೂ ತಕ್ಷಣ ಏನೂ ಹೊಳೆಯಲಿಲ್ಲ. ಮಧ್ಯದಲ್ಲಿ ಸ್ಫೂರ್ತಿ ಕೋಚ್ ವಿಷಯ ತಂದಳು.

ಸ್ಫೂರ್ತಿ: ಆ ಕೋಚ್ ಯಾರು ಗೊತ್ತಾ? ಮಾರ್ಕ್ ಜಾನ್ಸನ್. 1980ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಹುಡುಗರು ಸೋವಿಯತ್ ರಷ್ಯಾವನ್ನು 4-3 ಸೋಲಿಸಿದರಲ್ಲ, ಆ ತಂಡದವರು. ಅವತ್ತು ಎರಡು ಗೋಲು ಇವರದು. ಮೊದಲನೆಯದು ಹೊಡೆದಾಗ ಮೊದಲ ಪೀರಿಯಡ್, ಅಂದರೆ ಆಟದ ಮೊದಲ ಭಾಗ, ಮುಗಿಯುವುದಕ್ಕೆ ಒಂದೇ ಸೆಕೆಂಡು ಬಾಕಿ. ಪೀರಿಯಡ್ ಮುಗಿಯಿತು ಅಂತ ರಷ್ಯನ್ನರು ಒಳಗೆ ಹೊರಟಿದ್ದರು. ಆ ಒಂದು ಸೆಕೆಂಡು ಆಡಿಸುವುದಕ್ಕೆ ಅವರನ್ನು ವಾಪಸ್ ಕರೆಸಿದರು. ಅಂಥವರು 18.9 ಸೆಕೆಂಡು ಇರುವಾಗ ಸುಮ್ನೆ ಇರುತ್ತಾರಾ?

ದೊಡ್ಡಪ್ಪ: 1980 ಅಂದರೆ ನನಗೆ ಮಾಸ್ಕೋ. ನಮ್ಮ ಹಾಕಿ ಚಿನ್ನ. ಫೈನಲ್‌ನಲ್ಲಿ ಸ್ಪೇನ್ ಮೇಲೆ ಗೆದ್ದದ್ದೂ 4-3! ರೇಡಿಯೊ ಕಿವಿಗೆ ಒತ್ತಿಕೊಂಡು ಕೇಳಿದ್ದು.

ಪೊನ್ನಮ್ಮ ಚಿಕ್ಕಮ್ಮ: ಆ ತಂಡದಲ್ಲಿ ನಮ್ಮ ಎಂ.ಎಂ. ಸೋಮಯ್ಯ ಇದ್ದರು ಭಾವ.

ದೊಡ್ಡಪ್ಪ: ಬಂದಳು ನೋಡಿ ಕೊಡಗಿನವಳು. ಹಾಕಿ ಗೊತ್ತಿರುವವಳು ಇಲ್ಲಿ ಅವಳೊಬ್ಬಳೇ. ಪೊನ್ನಮ್ಮ, ನೀನೇ ಹೇಳು. ನೀನು ಗೋಲಿ ಆಗಿದ್ದವಳು.

ಚಿಕ್ಕಮ್ಮ ಇರುವುದು ಮಡಿಕೇರಿಯಲ್ಲಿ. ಆ ವಾರ ಅಲ್ಲಿ ಮುದ್ದಂಡ ಕಪ್, ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾಗುವುದಿತ್ತು. 1997ರಲ್ಲಿ ಹುಟ್ಟಿದ ಹಬ್ಬಕ್ಕೆ ಅದು 25ನೇ ಸಲ. ಅತ್ತೆ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುವ ಜಾಗ ಅದು. ಅವರು ಗುಂಪಿನಲ್ಲಿ ಬರೆಯುವುದೇ ಕಡಿಮೆ. ಬರೆದರೆ ಉದ್ದ.

ಪೊನ್ನಮ್ಮ ಚಿಕ್ಕಮ್ಮ: ಭಾವ, ಗೋಲಿ ಕಡೆಯಿಂದ ನೋಡಿದರೆ ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ. ತಪ್ಪು ಮಾಡುವವಳು ಇನ್ನೊಬ್ಬಳು, ಶಿಕ್ಷೆಗೆ ನಿಲ್ಲುವವಳು ಗೋಲಿ. ನಮ್ಮ ಹಾಕಿಯಲ್ಲಿ ಪೆನಾಲ್ಟಿ ಸ್ಟ್ರೋಕ್ 6.4 ಮೀಟರ್ ದೂರದಿಂದ. ಚೆಂಡು ಹೊಡೆಯುವವರೆಗೂ ಗೆರೆ ಮೇಲಿಂದ ಕಾಲು ಕದಲಿಸುವಂತಿಲ್ಲ. ಗೋಡೆಗೆ ಅಂಟಿಸಿದ ಹಾಗೆ. ಸ್ಫೂರ್ತಿ ವಿಡಿಯೊದಲ್ಲಿ ಆ ಹುಡುಗಿ ನಡು ಮೈದಾನದಿಂದ ಪಕ್ ತರುತ್ತಾಳೆ, ಗೋಲಿ ಮುಂದೆ ಬಂದು ಎದುರಿಸಬಹುದು. ಅಷ್ಟು ವಾಸಿ.

ದೊಡ್ಡಪ್ಪ: ನೋಡಿದ್ರಾ? ಹೀಗೆ ಮಾತಾಡಬೇಕು.

ಪೊನ್ನಮ್ಮ ಚಿಕ್ಕಮ್ಮ: ಇನ್ನೂ ಮುಗಿದಿಲ್ಲ ಭಾವ. ಅಂಪೈರ್ ನೋಡಲಿಲ್ಲ ಅಂದರೆ ನಡೆದಿಲ್ಲ ಅಂದಿರಲ್ಲ. ಅದನ್ನು ನಾನು ಒಪ್ಪುವುದಿಲ್ಲ. ನಾನು ಡಿಗ್ರಿ ಎರಡನೇ ವರ್ಷ. ಅಂತರ ಕಾಲೇಜು ಫೈನಲ್, ನಾವು 1-0ರಲ್ಲಿ ಮುಂದೆ. ಇನ್ನೇನು ಮುಗಿಯಬೇಕು. ಎದುರಾಳಿ ಹೊಡೆದ ಚೆಂಡು ನನ್ನ ಪ್ಯಾಡ್ ಪಕ್ಕದಲ್ಲೇ ನುಗ್ಗಿತು. ಒಳಗೆ ಹೋಗುವ ಚೆಂಡು. ನಮ್ಮ ಬ್ಯಾಕ್ ಆಟಗಾರ್ತಿ ಗೆರೆ ಮೇಲೆ ನಿಂತು ಕಾಲಲ್ಲಿ ತಡೆದಳು, ಅದು ತಪ್ಪು. ಅಂಪೈರಿಗೆ ನಾನೇ ಅಡ್ಡ ನಿಂತಿದ್ದೆ. ಅವರಿಗೆ ಕಾಣಲಿಲ್ಲ. ಎದುರು ತಂಡದವರು ಕೂಗಿದರು. ಅಂಪೈರ್ ನನ್ನ ಮುಖ ನೋಡಿದರು. ಅವಳ ಬೂಟಿನ ಮುಂದೆ ಸುಣ್ಣದ ಗೆರೆಯ ಬಿಳಿ ಮೆತ್ತಿಕೊಂಡಿತ್ತು. ನನಗೆ ಅದು ಕಾಣುತ್ತಿತ್ತು. ನಾನು ತಲೆ ತಗ್ಗಿಸಿ ಪ್ಯಾಡಿನ ಪಟ್ಟಿ ಬಿಗಿ ಮಾಡಿಕೊಂಡೆ. ಬಿಗಿಯಾಗೇ ಇತ್ತು.

ಪೊನ್ನಮ್ಮ ಚಿಕ್ಕಮ್ಮ: ಗೆದ್ದೆವು. ಆಟಗಾರ್ತಿಗೊಂದರಂತೆ ಸ್ಟೀಲ್ ಜಗ್ ಕೊಟ್ಟರು. ಯುಗಾದಿಗೆ ನೀವೆಲ್ಲ ಮಜ್ಜಿಗೆ ಕುಡಿಯುತ್ತೀರಲ್ಲ, ಅದೇ ಜಗ್.

ಸ್ಫೂರ್ತಿ: ಚಿಕ್ಕಮ್ಮ!!

ನಾನು: ಹಿಡಿ ಹತ್ತಿರ ನೆಗ್ಗಿರುವುದಾ?

ಪೊನ್ನಮ್ಮ ಚಿಕ್ಕಮ್ಮ: ಅದೇ. ಅವತ್ತು ಟಿವಿ ಇದ್ದು, ಅವರ ಕೋಚ್ ಕೇಳಿ, ನನಗೆ ಸ್ಟ್ರೋಕ್ ಎದುರಿಸು ಅಂದಿದ್ದರೆ ಗೋಲು ಆಗುತ್ತಿತ್ತೋ ಏನೋ. ನಾನು ತಡೆದೂ ಇರಬಹುದು. ಸ್ಟ್ರೋಕ್ ತಡೆಯುವುದರಲ್ಲಿ ನಾನು ಕೆಟ್ಟವಳಲ್ಲ ಭಾವ. ಈಗಲೂ ಅನಿಸುವುದು ಅದೇ.

ದೊಡ್ಡಪ್ಪ ಓದಿದರು. ಎರಡು ನೀಲಿ ಗೆರೆ ಬಂತು. 'ಟೈಪ್ ಮಾಡುತ್ತಿದ್ದಾರೆ' ಅಂತ ಬಂತು, ಹೋಯ್ತು. ಮತ್ತೆ ಬಂತು, ಹೋಯ್ತು. ಆಮೇಲೆ ಏನೂ ಇಲ್ಲ. ಮಧ್ಯಾಹ್ನ ಗಿರೀಶ್ ಮಾವ ಶುಗರ್ ಕಾಯಿಲೆಗೆ ನೇರಳೆ ಬೀಜದ ಪುಡಿ ಬಗ್ಗೆ ಏನೋ ಫಾರ್ವರ್ಡ್ ಮಾಡಿದರು. ಸ್ಫೂರ್ತಿ ಮಲಗಿದಳು. ನಾನು ಆಫೀಸಿನಲ್ಲಿ ಮೀಟಿಂಗ್ ಮಧ್ಯೆ ಎರಡು ಸಲ ಫೋನ್ ನೋಡಿದೆ. ದೊಡ್ಡಮ್ಮನಿಗೆ ಬೇರೆಯಾಗಿ ಕೇಳಿದೆ, "ಕೋಪ ಬಂದಿದೆಯಾ?" ಅಂತ. "ಕೋಪ ಇಲ್ಲ. ಹಬ್ಬಕ್ಕೆ ಬಂದಿರುವ ಮೊಮ್ಮಗ ಪುಟ್ಟನ ಟ್ಯಾಬ್ ಕಿತ್ತುಕೊಂಡು ಜಗುಲಿ ಮೇಲೆ ಕೂತಿದ್ದಾರೆ. ಪುಟ್ಟ ಅಳುತ್ತಿದ್ದಾನೆ" ಅಂದರು.

ರಾತ್ರಿ ಒಂಬತ್ತೂಕಾಲಿಗೆ ಬಂತು.

ದೊಡ್ಡಪ್ಪ: ನಿಧಾನ ಮಾಡಿ ನೋಡಿದೆ. ಎಂಟು ಸಲ. ಆ ಕಪ್ಪು ಬಿಲ್ಲೆ ಕಂಡಿತು. ಕೈಯೂ ಕಂಡಿತು.

ಸ್ಫೂರ್ತಿ: ಅಂದರೆ ಒಪ್ಪಿದಿರಾ?!

ದೊಡ್ಡಪ್ಪ: ಕಂಡಿತು ಅಂದೆ. ಒಪ್ಪಿದೆ ಅಂದೆನಾ? ರೆಫರಿ ಜಾಗದಲ್ಲಿ ನಿಂತಿದ್ದರೆ ನನಗೂ ಕಾಣುತ್ತಿರಲಿಲ್ಲ. ಅಷ್ಟು ಜನ ಮೇಲೆ ಬಿದ್ದಿದ್ದಾರೆ.

ದೊಡ್ಡಪ್ಪ: ಪೊನ್ನಮ್ಮ, ಆ ಅಂಪೈರ್ ನಿನ್ನ ಮುಖ ನೋಡಿದರು ಅಂದೆಯಲ್ಲ. ಎಷ್ಟು ಹೊತ್ತು ನೋಡಿದರು?

ಪೊನ್ನಮ್ಮ ಚಿಕ್ಕಮ್ಮ: ಜಾಸ್ತಿ ಹೊತ್ತೇ ನೋಡಿದರು ಭಾವ.

ದೊಡ್ಡಪ್ಪ: ಹೂಂ. ನಾನೂ ಹಾಗೆ ನೋಡಿದ್ದೇನೆ ಎಷ್ಟೋ ಮಕ್ಕಳನ್ನು.

ಪೊನ್ನಮ್ಮ ಚಿಕ್ಕಮ್ಮ: ಭಾನುವಾರ ಜಗ್ ತರಲಾ ಬೇಡವಾ, ನೀವೇ ಹೇಳಿ.

'ಟೈಪ್ ಮಾಡುತ್ತಿದ್ದಾರೆ' ಅಂತ ಬಂತು. ಹೋಯ್ತು. ಮತ್ತೆ ಬಂತು.

ಅಮ್ಮ: ಪೊನ್ನಮ್ಮ, ಜಗ್ ತಗೊಂಡು ಬಾ. ಹದಿನೇಳು ಜನಕ್ಕೆ ಮಜ್ಜಿಗೆ ಹಿಡಿಯುವ ಪಾತ್ರೆ ಈ ಮನೆಯಲ್ಲಿ ಇನ್ಯಾವುದೂ ಇಲ್ಲ. ಸ್ಫೂರ್ತಿ, ಗಂಟಲು ಹೇಗಿದೆ?