ಪ್ಯಾಂಟೋನ್ 185: ಆರ್ಟ್ ಕಾರ್ಡಿನಲ್ಲಿ ಸರಿ, ಮ್ಯಾಪ್‌ಲಿಥೋದಲ್ಲಿ ಮಂಕು, ಜೊತೆಗೆ ಒಂದು ಪ್ಲೇಟ್ ಹೆಚ್ಚು

ಪುಟವಿನ್ಯಾಸ: ಎರಡು ಕಲರ್ ಆಫ್‌ಸೆಟ್ ಜಾಬ್, ಕಪ್ಪು ಮತ್ತು ಪ್ಯಾಂಟೋನ್ 185 (ಪ್ಯಾಂಟೋನ್ ಶೇಡ್ ಕಾರ್ಡಿನ ಒಂದು ಕೆಂಪು ಇಂಕ್), ಇಂಕಿಗೊಂದು ಪ್ಲೇಟ್. ವಿಸಿಟಿಂಗ್ ಕಾರ್ಡ್ 300 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ಆರ್ಟ್ ಕಾರ್ಡ್, ಅಂದರೆ ನುಣುಪು ಕೋಟಿಂಗ್ ಇರುವ ದಪ್ಪ ಕಾಗದ; ಲೆಟರ್‌ಹೆಡ್ 100 ಜಿಎಸ್‌ಎಂ ಮ್ಯಾಪ್‌ಲಿಥೋ, ಅಂದರೆ ಕೋಟಿಂಗ್ ಇಲ್ಲದ ಕಾಗದ. ಕಾರ್ಡಿನಲ್ಲಿ ಕೆಂಪು ಗಟ್ಟಿಯಾಗಿದೆ, ಲೆಟರ್‌ಹೆಡ್‌ನಲ್ಲಿ ಮಂಕಾಗಿ ಗುಲಾಬಿ ಕಡೆ ವಾಲಿದೆ. ಅದಕ್ಕೇ ಇನ್‌ಡಿಸೈನ್ (ಪುಟವಿನ್ಯಾಸದ ಸಾಫ್ಟ್‌ವೇರ್) ಫೈಲಿನಲ್ಲಿ 185 ಸಿ ತೆಗೆದು 185 ಯು ಹಾಕಿದರೆ, ಪಿಡಿಎಫ್‌ನಲ್ಲಿ ಮೂರು ಪ್ಲೇಟ್ ಬರುತ್ತಿವೆ. ಯು ಹಾಕಿದ್ದಕ್ಕಾದರೂ ಶೇಡ್ ಸರಿಹೋಗುತ್ತದಾ ಸರ್?

ಇಂಕ್_ಮಿಕ್ಸಿಂಗ್: ಹೋಗಲ್ಲ. ಸಿ, ಯು ಅನ್ನುವುದು ಕಾಗದದ ಗುರುತು, ಇಂಕಿನದಲ್ಲ. 185 ಸಿ ಅಂದರೆ 185 ಇಂಕ್ ಕೋಟೆಡ್ ಕಾಗದದ ಮೇಲೆ ಹೇಗೆ ಕಾಣುತ್ತದೆ ಎಂಬ ಮಾದರಿ. 185 ಯು ಅಂದರೆ ಅದೇ ಇಂಕ್ ಅನ್‌ಕೋಟೆಡ್ ಮೇಲೆ. ಡಬ್ಬಿ ಒಂದೇ. ಸ್ಕ್ರೀನ್ ಮೇಲೆ ಎರಡೂ ಬೇರೆ ಕಾಣುವುದು ಸಾಫ್ಟ್‌ವೇರ್ ಎರಡಕ್ಕೂ ಬೇರೆ ಬೇರೆ ಲ್ಯಾಬ್ ಅಂಕಿ (ಬಣ್ಣವನ್ನು ಅಳೆದು ಹೇಳುವ ಅಂಕಿ) ಇಟ್ಟುಕೊಂಡಿರುವುದರಿಂದ. ಪ್ಲೇಟಿನ ಮೇಲೆ ಬೀಳುವ ಇಮೇಜ್ ಎರಡರಲ್ಲೂ ಒಂದೇ.

ಮ್ಯಾಪ್‌ಲಿಥೋಗೆ ಕೋಟಿಂಗ್ ಇಲ್ಲ, ಇಂಕ್ ನಾರಿನೊಳಗೆ ಇಳಿಯುತ್ತದೆ. ಮೇಲೆ ಉಳಿಯುವ ಪದರ ತೆಳು. ಒರಟು ಮೈ ಬೆಳಕನ್ನು ಎಲ್ಲ ಕಡೆಗೂ ಚೆದುರಿಸುತ್ತದೆ, ಆ ಬಿಳಿ ಬೆಳಕು ಬಣ್ಣದ ಜೊತೆ ಸೇರಿ ಕಣ್ಣಿಗೆ ಬರುತ್ತದೆ. ಗಟ್ಟಿ ಕೆಂಪು, ಕಡುನೀಲಿಗಳಲ್ಲಿ ಇದು ತುಂಬ ಎದ್ದು ಕಾಣುತ್ತದೆ. ಹಾಗಂತ ಮೆಷಿನ್‌ನಲ್ಲಿ ಇಂಕ್ ಏರಿಸಲು ಹೋಗಬೇಡಿ. ಒಣಗುವುದು ತಡವಾಗಿ ಮೇಲಿನ ಶೀಟಿನ ಬೆನ್ನಿಗೆ ಇಂಕ್ ಹತ್ತುತ್ತದೆ. ಕೆಂಪು ಪಟ್ಟಿಯೊಳಗೆ ಬಿಳಿಯಾಗಿ ಬಿಟ್ಟ 6 ಪಾಯಿಂಟ್ ಅಕ್ಷರಗಳು ತುಂಬಿಕೊಂಡು ಹೋಗುತ್ತವೆ.

ಲೆಟರ್‌ಹೆಡ್ ಕಾರ್ಡಿನ ಹಾಗೇ ಕಾಣಲೇಬೇಕು ಅಂದರೆ ದಾರಿ ಒಂದೇ: ಯು ಶೇಡ್ ಕಾರ್ಡ್ ಬಿಚ್ಚಿ, ಅಚ್ಚಾದ ಕಾರ್ಡಿನ ಪಕ್ಕ ಇಟ್ಟು, 5000 ಕೆಲ್ವಿನ್ ಬೆಳಕಿನಲ್ಲಿ ಹತ್ತಿರದ ಶೇಡ್ ಹುಡುಕಿ. ಅದು ಬೇರೆ ನಂಬರೇ ಆಗಿರುತ್ತದೆ. ಆ ಇಂಕನ್ನು 20 ಗ್ರಾಂನಷ್ಟು ತೂಕದ ಲೆಕ್ಕದಲ್ಲಿ ಬೆರೆಸಿ, ಅದೇ ಮ್ಯಾಪ್‌ಲಿಥೋ ತುಂಡಿನ ಮೇಲೆ ಡ್ರಾಡೌನ್ (ಇಂಕಿನ ತೆಳು ಮಾದರಿ ಪಟ್ಟಿ) ಎಳೆದು, ಮಾರನೇ ದಿನ ನೋಡಿ. ಹಸಿಯಲ್ಲಿ ನೋಡಿ ಒಪ್ಪಿದ್ದು ಒಣಗಿದ ಮೇಲೆ ಇನ್ನೂ ಇಳಿಯುತ್ತದೆ. ತೀರಾ ಗಟ್ಟಿ ಕೆಂಪಿಗೆ ಯು ಪುಸ್ತಕದಲ್ಲಿ ಜೋಡಿ ಸಿಗದಿದ್ದರೆ, ಅದನ್ನು ಗಿರಾಕಿಗೆ ಅಚ್ಚಿಗೆ ಮೊದಲೇ ತೋರಿಸಿ ಒಪ್ಪಿಗೆ ತೆಗೆದುಕೊಳ್ಳುವುದು ಕ್ಷೇಮ.

ಪ್ರೀಪ್ರೆಸ್_ಟೇಬಲ್: ಮೂರನೇ ಪ್ಲೇಟ್ ವಿಷಯ. ಸಾಫ್ಟ್‌ವೇರ್ ನೋಡುವುದು ಹೆಸರನ್ನು ಮಾತ್ರ. ಒಂದಕ್ಷರ ಬದಲಾದರೂ ಅದರ ಲೆಕ್ಕದಲ್ಲಿ ಹೊಸ ಇಂಕ್. ನೀವು ಪುಟದಲ್ಲಿ ಯು ಮಾಡಿದ್ದೀರಿ, ಲಿಂಕ್ ಆದ ಲೋಗೋ ಫೈಲಿನಲ್ಲಿ ಸಿ ಹಾಗೇ ಉಳಿದಿದೆ. ಹಳೇ ಇಪಿಎಸ್ (ಒಂದು ಬಗೆಯ ಗ್ರಾಫಿಕ್ ಫೈಲ್) ಲೋಗೋ ಆದರೆ ‘ಸಿವಿಸಿ’ ಅಂತಲೂ ಇರಬಹುದು. ಅದು ಕೋಟೆಡ್‌ಗೆ ಹಿಂದೆ ಇದ್ದ ಗುರುತು.

ಇನ್‌ಡಿಸೈನ್‌ನ ಸ್ವಾಚಸ್ (ಬಣ್ಣಗಳ ಪಟ್ಟಿ) ಪ್ಯಾನೆಲ್ ಮೆನುವಿನಲ್ಲಿ ಇಂಕ್ ಮ್ಯಾನೇಜರ್ ತೆರೆಯಿರಿ. ಬೇಡದ ಹೆಸರನ್ನು ಆರಿಸಿ, ಇಂಕ್ ಏಲಿಯಾಸ್‌ನಲ್ಲಿ (ಒಂದು ಇಂಕನ್ನು ಇನ್ನೊಂದರ ಪ್ಲೇಟಿಗೆ ಸೇರಿಸುವ ಆಯ್ಕೆ) ಉಳಿಯಬೇಕಾದ ಹೆಸರು ಕೊಡಿ. ಆಮೇಲೆ ಪಿಡಿಎಫ್ ಮಾಡಿ, ಅಕ್ರೋಬ್ಯಾಟ್‌ನ ಔಟ್‌ಪುಟ್ ಪ್ರಿವ್ಯೂನಲ್ಲಿ ಕಪ್ಪು ಮತ್ತು ಒಂದೇ 185 ಉಳಿದಿದೆಯೇ ನೋಡಿ. ಇದನ್ನು ಅಕ್ರೋಬ್ಯಾಟ್‌ನ ಇಂಕ್ ಮ್ಯಾನೇಜರ್‌ನಲ್ಲಿ ಮಾಡಿದರೆ ಪಿಡಿಎಫ್‌ನೊಳಗೆ ಸೇವ್ ಆಗಲ್ಲ, ಜೋಪಾನ. ಎಲ್ಲಕ್ಕಿಂತ ಒಳ್ಳೆಯದು ಮೂಲ ಲೋಗೋದಲ್ಲೇ ಹೆಸರು ತಿದ್ದುವುದು.

ಇನ್ನೊಂದು: ಇನ್‌ಡಿಸೈನ್ ಮಾಡುವ ಅಡೋಬಿ ಕಂಪನಿ 2022ರ ಕೊನೆಯಿಂದ ಬಹುಪಾಲು ಪ್ಯಾಂಟೋನ್ ಲೈಬ್ರರಿಗಳನ್ನು (ಸಿದ್ಧ ಬಣ್ಣಪಟ್ಟಿಗಳನ್ನು) ತೆಗೆದಿದೆ. ಕೈಯಲ್ಲೇ ಸ್ಪಾಟ್ ಸ್ವಾಚ್ (185ರ ಹಾಗೆ ತನ್ನದೇ ಪ್ಲೇಟಿನಲ್ಲಿ ಅಚ್ಚಾಗುವ ಇಂಕಿನ ಬಣ್ಣ) ಮಾಡುವವರು ಹೆಸರನ್ನು ಲೋಗೋ ಫೈಲಿನಿಂದ ಕಾಪಿ ಮಾಡಿ; ಟೈಪ್ ಮಾಡಿದರೆ ಒಂದು ಸ್ಪೇಸ್ ಹೆಚ್ಚಾದರೂ ಮತ್ತೆ ಇದೇ ಗೋಳು.

ಪುಟವಿನ್ಯಾಸ: ಏಲಿಯಾಸ್ ಕೆಲಸ ಮಾಡಿತು, ಎರಡೇ ಪ್ಲೇಟ್. ಧನ್ಯವಾದ ಸರ್. ಗಿರಾಕಿ ಕಳಿಸಿದ ಬೇರೆ ಪಟ್ಟಿಯಲ್ಲಿ ‘18-1664 ಟಿಸಿಎಕ್ಸ್’, ‘185 ಸಿಪಿ’, ‘ಎಚ್‌ಕೆಎಸ್ 43 ಎನ್’ ಅಂತೆಲ್ಲ ಇದೆ. ಇವೂ ಸ್ಪಾಟ್ ಇಂಕೇ?

ಇಂಕ್_ಮಿಕ್ಸಿಂಗ್: ಟಿಸಿಎಕ್ಸ್ ಬಟ್ಟೆಯದು, ಹತ್ತಿ ಬಟ್ಟೆಯ ಮೇಲಿನ ಮಾದರಿ. ಅದಕ್ಕೆ ಆಫ್‌ಸೆಟ್ ಇಂಕಿನ ಫಾರ್ಮುಲಾ ಇಲ್ಲ, ಹತ್ತಿರದ ಪ್ಯಾಂಟೋನ್ ಇಂಕ್ ನಂಬರನ್ನು ಗಿರಾಕಿಯಿಂದಲೇ ಒಪ್ಪಿಸಿಕೊಳ್ಳಿ. ಸಿಪಿ ಅಂದರೆ ನಾಲ್ಕು ಕಲರಿನಲ್ಲಿ (ಸಯಾನ್, ಮಜೆಂಟಾ, ಹಳದಿ, ಕಪ್ಪು), ಕೋಟೆಡ್ ಕಾಗದದ ಮೇಲೆ 185ಕ್ಕೆ ಎಷ್ಟು ಹತ್ತಿರ ಬರಬಹುದು ಎಂಬುದು; ಅನ್‌ಕೋಟೆಡ್‌ಗೆ ಯುಪಿ. ಡಿಜಿಟಲ್‌ನಲ್ಲೋ ನಾಲ್ಕು ಕಲರಿನಲ್ಲೋ ಹಾಕಿಸುವಾಗ ನೋಡಬೇಕಾದ್ದು ಈ ಪುಸ್ತಕ. ಎಚ್‌ಕೆಎಸ್ ಜರ್ಮನಿಯ ಸ್ಪಾಟ್ ಇಂಕ್ ಪದ್ಧತಿ: ಕೆ ಆರ್ಟ್ ಪೇಪರಿಗೆ, ಎನ್ ಕೋಟಿಂಗ್ ಇಲ್ಲದ್ದಕ್ಕೆ, ಝಡ್ ನ್ಯೂಸ್‌ಪ್ರಿಂಟಿಗೆ. ಅಲ್ಲಿ ಕಾಗದಕ್ಕೆ ತಕ್ಕಂತೆ ಇಂಕನ್ನೇ ಹೊಂದಿಸುತ್ತಾರೆ, ಆದ್ದರಿಂದ ಪ್ಯಾಂಟೋನಿನ ಹಾಗೆ ಕೊನೆಯ ಅಕ್ಷರ ಬಿಟ್ಟು ಆರ್ಡರ್ ಮಾಡುವಂತಿಲ್ಲ.

ಪ್ರೀಪ್ರೆಸ್_ಟೇಬಲ್: ಜಾಬ್ ಕಾರ್ಡಿನಲ್ಲಿ ಬರೀ ‘185’ ಬರೆಯಬೇಡಿ. ‘ಇಂಕ್ ಪ್ಯಾಂಟೋನ್ 185, ಕಾಗದ ಮ್ಯಾಪ್‌ಲಿಥೋ 100 ಜಿಎಸ್‌ಎಂ, ಯು ಶೇಡ್ ಕಾರ್ಡಿಗೆ ಹೊಂದಿಸಿ’ ಅಂತ ಪೂರ್ತಿ ಬರೆಯಿರಿ. ಆರ್ಟ್ ಕಾರ್ಡಿಗೆ ಮ್ಯಾಟ್ ಲ್ಯಾಮಿನೇಷನ್ ಇದ್ದರೆ ಅದನ್ನೂ ಸೇರಿಸಿ, ಲ್ಯಾಮಿನೇಷನ್ ಆದ ತುಂಡಿನ ಮೇಲೇ ಒಪ್ಪಿಗೆ ಪಡೆಯಿರಿ.