15 ಎಚ್‌ಪಿ ಔಟ್‌ಬೋರ್ಡ್ ಗೇರ್‌ಕೇಸ್ ಬಿರುಕು ಬಿಟ್ಟಿದೆ: ವೆಲ್ಡಿಂಗ್ ಸಾಕಾ, ಬದಲಾಯಿಸಬೇಕಾ?

ಕಣಿವೆದೋಣಿ, ಹಿರಿಯೂರು

ಎಲ್ಲರಿಗೂ ನಮಸ್ಕಾರ. ಮಾರಿಕಣಿವೆ ಹಿನ್ನೀರಲ್ಲಿ ಮೀನು ಸಾಗಿಸೋ 16 ಅಡಿ ಫೈಬರ್ ದೋಣಿ. ಹಿಂದೆ ತಗುಲಿಸೋ ಮೋಟಾರು 15 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್, ಶಾರ್ಟ್ ಶಾಫ್ಟ್. ಅದರ ಗೇರ್‌ಕೇಸ್, ಅಂದ್ರೆ ಕೆಳಗೆ ಗೇರ್ ಇರೋ ಕವಚ, ನೀರೊಳಗಿನ ಬಂಡೆಗೆ ಬಡಿದಿದೆ.

ಈಗಿನ ಸ್ಥಿತಿ ಹೇಳ್ತೀನಿ. ಫ್ಯಾನ್ (ಪ್ರೊಪೆಲ್ಲರ್) ಕೆಳಗಿನ ರೆಕ್ಕೆ, ಅಂದ್ರೆ ಸ್ಕೆಗ್, ಮೂರು ಬೆರಳಗಲ ಹಾರಿಹೋಗಿದೆ. ಅದರ ಬುಡದಿಂದ ಹಿಂದಕ್ಕೆ, ಫ್ಯಾನ್ ಕಡೆಗೆ, ಎರಡು ಇಂಚಿನಷ್ಟು ಕೂದಲೆಳೆ ಬಿರುಕು. ಆಯಿಲ್ ಇಳಿಸಿದ್ರೆ ಹಾಲು ಜಾಸ್ತಿಯಾದ ಚಹಾ ಬಣ್ಣ. ಗೇರ್ ಬೀಳುತ್ತೆ, ಆದ್ರೆ ಜೋರು ಕೊಟ್ರೆ ಎಂಜಿನ್ ಕೂಗುತ್ತೆ, ದೋಣಿ ಮುಂದಕ್ಕೆ ಹೋಗಲ್ಲ.

ಒಬ್ಬರು ಆರ್ಗಾನ್ ವೆಲ್ಡಿಂಗ್ ಸಾಕು ಅಂತಾರೆ. ಇನ್ನೊಬ್ಬರು ಪೂರ್ತಿ ಲೋವರ್ ಯೂನಿಟ್ಟೇ, ಅಂದ್ರೆ ಗೇರ್ ಸಮೇತ ಜೋಡಿಸಿದ ಕೆಳಭಾಗವೇ, ತಗೊಳ್ಳಿ ಅಂತಾರೆ. ಖಾಲಿ ಕೇಸ್ ತರಿಸಿ ಹಳೇ ಗೇರ್ ಕೂರಿಸಿ ಅನ್ನೋರೂ ಇದ್ದಾರೆ. ಯಾವ ಲೆಕ್ಕದ ಮೇಲೆ ತೀರ್ಮಾನ ಮಾಡೋದು?

ಪಿನಿಯನ್, ದಾವಣಗೆರೆ

ಪೆಟ್ಟು ಒಂದೇ ಇರಬಹುದು ಅಣ್ಣ, ಆದ್ರೆ ನೀವು ಹೇಳಿದ್ದು ಮೂರು ಬೇರೆ ಬೇರೆ ರೋಗ. ಬಿಚ್ಚಿ ನೋಡೋ ಮುಂಚೆ ಯಾರು ಏನು ಹೇಳಿದ್ರೂ ಅದು ಊಹೆ. ಮೊದಲು ಸ್ಪಾರ್ಕ್ ಪ್ಲಗ್ ಕ್ಯಾಪ್ ಕಿತ್ತಿಡ್ರಿ. ಫ್ಯಾನ್ ಕೈಯಲ್ಲಿ ತಿರುಗಿಸುವಾಗ ಎಂಜಿನ್ ಒಂದು ಸಲ ಹತ್ತಿಕೊಂಡರೂ ಬೆರಳು ಹೋಯ್ತು.

ಎಂಜಿನ್ ಕೂಗಿ ದೋಣಿ ಓಡದಿದ್ರೆ ಎಲ್ಲರೂ ಗೇರ್ ಹೋಯ್ತು ಅಂತಾರೆ. ಎಷ್ಟೋ ಸಲ ಜಾರಿರೋದು ಫ್ಯಾನ್ ಒಳಗಿನ ರಬ್ಬರ್ ಹಬ್. ಫ್ಯಾನ್ ಬಿಚ್ಚಿ, ಒಳಗಿನ ಹಿತ್ತಾಳೆ ಬುಷ್‌ನಿಂದ ಹೊರಗಿನ ಅಲ್ಯೂಮಿನಿಯಂ ತನಕ ಬಿಳಿ ಪೇಂಟಲ್ಲಿ ಒಂದು ನೇರ ಗೆರೆ ಎಳೀರಿ. ಒಣಗಿದ ಮೇಲೆ ಹಾಕಿ, ದಡದ ಹತ್ತಿರವೇ ಒಂದು ನಿಮಿಷ ಜೋರು ಕೊಟ್ಟು ಮತ್ತೆ ಬಿಚ್ಚಿ ನೋಡ್ರಿ. ಗೆರೆ ಎರಡು ತುಂಡಾಗಿ ಆಚೀಚೆ ಸರಿದಿದ್ರೆ ಜಾರ್ತಿರೋದು ಹಬ್. ಕಿವಿಗೂ ಗೊತ್ತಾಗುತ್ತೆ: ಹಬ್ ಸದ್ದಿಲ್ಲದೆ ಜಾರುತ್ತೆ, ಡಾಗ್ ಕ್ಲಚ್ (ಗೇರನ್ನು ಫ್ಯಾನ್ ಶಾಫ್ಟಿಗೆ ಕಚ್ಚಿಸೋ ತುಂಡು) ಹಲ್ಲು ಸವೆದಿದ್ರೆ ಕಟ ಕಟ ಅಂತ ಹಾರುತ್ತೆ. ಪರೀಕ್ಷೆಗೆ ಮುಂಚೆ ತಾಜಾ ಆಯಿಲ್ ತುಂಬೋದು ಮರೀಬೇಡಿ, ನೀರು ಬೆರೆತ ಆಯಿಲ್‌ನಲ್ಲಿ ಓಡಿಸಿದ್ರೆ ಚೆನ್ನಾಗಿರೋ ಗೇರೂ ಹಾಳು.

ಆಮೇಲೆ ಗಾಳಿ ಪರೀಕ್ಷೆ. ಆಯಿಲ್ ಇಳಿಸಿ, ಕೆಳಗಿನ ಪ್ಲಗ್ ಹಾಕಿ, ಮೇಲಿನ ವೆಂಟ್ ತೂತಿಗೆ ಅಡಾಪ್ಟರ್ ಮತ್ತು ಗೇಜ್ ಕೂರಿಸಿ. ಸೈಕಲ್ ಪಂಪ್ ಸಾಕು, ಕಂಪ್ರೆಸರ್ ಬೇಡ. 10 ಪಿಎಸ್‌ಐ ತುಂಬಿ ಐದು ನಿಮಿಷ ಬಿಡ್ರಿ, 15 ದಾಟಿಸಬೇಡಿ, ಚೆನ್ನಾಗಿರೋ ಸೀಲೇ ಎದ್ದುಬಿಡುತ್ತೆ. ಮುಳ್ಳು ಇಳಿದ್ರೆ ಪಂಕ್ಚರ್ ಅಂಗಡಿಯವರ ಥರ ನೀರಿನ ಟಬ್‌ನಲ್ಲಿ ಮುಳುಗಿಸಿ. ಗುಳ್ಳೆ ಎಲ್ಲಿಂದ ಬರುತ್ತೆ ಅನ್ನೋದರಲ್ಲೇ ಅರ್ಧ ಉತ್ತರ ಇದೆ. ಫ್ಯಾನ್ ಶಾಫ್ಟ್ ಸುತ್ತ ಬಂದ್ರೆ ಸೀಲ್, ವಾಟರ್ ಪಂಪ್ ಕೆಳಗೆ ಬಂದ್ರೆ ಮೇಲಿನ ಸೀಲ್, ಗೇರ್ ರಾಡ್ ಹತ್ತಿರ ಬಂದ್ರೆ ಅದರ ಓ-ರಿಂಗ್. ಬಿರುಕಿನಿಂದಲೇ ಬಂದ್ರೆ ಮಾತು ಬೇರೆ. ಗಾಳಿ ಇರುವಾಗಲೇ ಶಾಫ್ಟ್ ತಿರುಗಿಸಿ, ಗೇರ್ ಹಾಕಿ ತೆಗೆದು ನೋಡ್ರಿ. ಸುಮ್ಮನಿದ್ದಾಗ ಹಿಡಿಯೋ ಸೀಲ್ ತಿರುಗಿದಾಗ ಬಿಡೋದುಂಟು.

ಫ್ಯಾನ್‌ಗೂ ಗೇರ್‌ಕೇಸ್‌ಗೂ ನಡುವಿನ ವಾಷರ್ ಕೆಳಗೆ ಬಲೆಯ ನೈಲಾನ್ ದಾರ ಸುತ್ತಿದೆಯಾ ಅದನ್ನೂ ನೋಡಿ. ನಮ್ಮ ಕೆರೆಗಳಲ್ಲಿ ಸೀಲ್ ಕೊಯ್ಯೋದು ಬಂಡೆಗಿಂತ ಹೆಚ್ಚಾಗಿ ಅದೇ.

ಆರ್ಗಾನ್ ಹರಿಹರ

ವೆಲ್ಡಿಂಗ್ ಬಗ್ಗೆ ಮಾತ್ರ ಹೇಳ್ತೀನಿ. ಸ್ಕೆಗ್ ಕಟ್ಟೋದು ದೊಡ್ಡ ಕೆಲಸ ಅಲ್ಲ. 6 ಎಂಎಂ ಅಲ್ಯೂಮಿನಿಯಂ ಪ್ಲೇಟ್ ಆಕಾರಕ್ಕೆ ಕತ್ತರಿಸಿ, ಎರಡೂ ಅಂಚು ವಿ ಮಾಡಿ, ಎಸಿ ಟಿಗ್‌ನಲ್ಲಿ (ಆರ್ಗಾನ್ ವೆಲ್ಡಿಂಗ್) 4043 ಫಿಲ್ಲರ್ ರಾಡ್ ಹಾಕಿದ್ರೆ ನಿಲ್ಲುತ್ತೆ. ಸಾದಾ ಆರ್ಕ್ ವೆಲ್ಡಿಂಗ್ ಪೆಟ್ಟಿಗೆ ಇದಕ್ಕೆ ಆಗಲ್ಲ. ಆಂಟಿ-ವೆಂಟಿಲೇಶನ್ ಪ್ಲೇಟ್ (ಫ್ಯಾನ್ ಮೇಲಿನ ಅಡ್ಡ ತಟ್ಟೆ) ಅಂಚು ಸೀಳಿದ್ರೂ ಇದೇ ದಾರಿ.

ತಪ್ಪು ಆಗೋದು ಎರಡು ಕಡೆ. ಒಂದು, ಒಳಗಿನ ಗೇರ್, ಬೇರಿಂಗ್, ಸೀಲ್ ಬಿಚ್ಚದೆ ಹಾಗೇ ತಂದುಕೊಡ್ತಾರೆ. ಶಾಖಕ್ಕೆ ಸೀಲ್ ಸುಟ್ಟು, ಬೇರಿಂಗ್ ಕೂರೋ ತೂತು ವಕ್ರ ಆಗುತ್ತೆ. ಎರಡು, ಬಿರುಕಿನೊಳಗೆ ಆಯಿಲ್ ಕುಡಿದಿರೋ ಎರಕಕ್ಕೆ ಬೆಂಕಿ ತಾಗಿದ ತಕ್ಷಣ ಹೊಗೆ ಬಂದು ವೆಲ್ಡ್ ತುಂಬಾ ಸೂಜಿತೂತು ಬೀಳುತ್ತೆ. ಪೇಂಟ್ ಕೆರೆದು, ಡಿಗ್ರೀಸರ್‌ನಲ್ಲಿ ತೊಳೆದು, ನಿಧಾನಕ್ಕೆ ಬಿಸಿ ಮಾಡಿ, ಒಸರಿದ ಆಯಿಲ್ ಒರೆಸಿ, ಮತ್ತೆ ತೊಳೆದು ಆಮೇಲೆ ಕೂರಬೇಕು.

ಬಿರುಕಿನ ತುದಿ ಬರಿಗಣ್ಣಿಗೆ ಕಾಣಲ್ಲ. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಡೈ ಪೆನೆಟ್ರೆಂಟ್ ಕೇಳಿ, ಮೂರು ಸ್ಪ್ರೇ ಡಬ್ಬಿಯ ಸೆಟ್. ಕ್ಲೀನರ್ ಹೊಡೆದು, ಕೆಂಪು ಹೊಡೆದು ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಒರೆಸಿ, ಬಿಳಿ ಹೊಡೆದ್ರೆ ಕೆಂಪು ಗೆರೆ ಎದ್ದು ಬರುತ್ತೆ. ಆ ಗೆರೆ ಬೇರಿಂಗ್ ಕ್ಯಾರಿಯರ್ (ಫ್ಯಾನ್ ಶಾಫ್ಟಿನ ಬೇರಿಂಗ್, ಸೀಲ್ ಹಿಡಿಯೋ ಭಾಗ) ಕೂರೋ ತೂತಿನೊಳಗೆ ಹೋಗಿದ್ರೆ ನನ್ನ ಹತ್ತಿರ ತರಬೇಡಿ. ವೆಲ್ಡ್ ಆಗುತ್ತೆ, ಆದ್ರೆ ಆಮೇಲೆ ಆ ತೂತನ್ನು ಮತ್ತೆ ಬೋರ್ ಮಾಡಬೇಕು, ಪಿನಿಯನ್ (ಎಂಜಿನ್‌ನಿಂದ ಇಳಿಯೋ ಡ್ರೈವ್ ಶಾಫ್ಟ್ ತುದಿಯ ಚಿಕ್ಕ ಗೇರ್) ತೂತಿಗೂ ಇದಕ್ಕೂ 90 ಡಿಗ್ರಿ ಕಾಯಬೇಕು. ಹರಿಹರದ ಹಳೇ ಕಿರ್ಲೋಸ್ಕರ್ ಲೇತ್ ಮೇಲೆ ಕೂರಿಸಿ ಮಾಡೋ ಕೈಗಳು ಇನ್ನೂ ಇವೆ, ಆದ್ರೆ ಫಿಕ್ಸ್ಚರ್ ಮಾಡೋ ಖರ್ಚಿಗೆ ಖಾಲಿ ಕೇಸೇ ಬರಬಹುದು.

ಎಂ-ಸೀಲ್, ಅರಾಲ್ಡೈಟ್ ಅಂತ ಯಾರಾದ್ರೂ ಹೇಳಿದ್ರೆ ನಕ್ಕು ಸುಮ್ಮನಾಗಿ.

ಕಣಿವೆದೋಣಿ, ಹಿರಿಯೂರು

ಎಲ್ಲಾ ಮಾಡಿ ನೋಡಿದ್ವಿ. ಬಿಳಿ ಗೆರೆ ಒಂದು ಬೆರಳಷ್ಟು ಸರಿದಿದೆ, ಸದ್ದಿಲ್ಲ. ಗಾಳಿ 10ರಿಂದ 4ಕ್ಕೆ ಇಳೀತು, ಗುಳ್ಳೆ ಬಿರುಕಿನಿಂದಲೂ ಬಂತು, ಫ್ಯಾನ್ ಶಾಫ್ಟ್ ಸೀಲಿನಿಂದಲೂ ಬಂತು. ಬಿಚ್ಚಿಸಿ ಕೆಂಪು ಹೊಡೆಸಿದ್ರೆ ಗೆರೆ ಕ್ಯಾರಿಯರ್ ಓ-ರಿಂಗ್ ಕೂರೋ ಜಾಗ ದಾಟಿ ಒಳಗೆ ಹೋಗಿದೆ. ಗೇರ್ ಹಲ್ಲು ಹೊಳೀತಿವೆ, ಫಾರ್ವರ್ಡ್ ಗೇರ್ ಹಿಂದಿನ ಬೇರಿಂಗ್‌ನಲ್ಲಿ ತುಕ್ಕಿನ ಚುಕ್ಕೆ. ಡ್ರೈನ್ ಪ್ಲಗ್ ಮ್ಯಾಗ್ನೆಟ್ ಮೇಲೆ ಬೂದಿ ಥರದ ಕೆಸರು, ಚೂರು ಇಲ್ಲ. ಹಾಗಾದ್ರೆ ಖಾಲಿ ಕೇಸ್ ತರಿಸಲಾ?

ಪಿನಿಯನ್, ದಾವಣಗೆರೆ

ವೆಲ್ಡಿಂಗ್ ಮಾತು ಮುಗೀತು. ಇನ್ನು ಖಾಲಿ ಕೇಸಾ, ಪೂರ್ತಿ ಯೂನಿಟ್ಟಾ ಅನ್ನೋದು ಮಾತ್ರ.

ಮ್ಯಾಗ್ನೆಟ್ ಮೇಲಿನ ಬೂದಿ ಮಾಮೂಲಿ. ಹಲ್ಲಿನ ತುದಿ ಉದುರಿದ್ರೆ, ಮುಖದಲ್ಲಿ ಗುಂಡಿ ಬಿದ್ದಿದ್ರೆ ಅಥವಾ ಡಾಗ್ ಕ್ಲಚ್ ಮೂಲೆ ಗುಂಡಗಾಗಿದ್ರೆ ನೇರ ಪೂರ್ತಿ ಯೂನಿಟ್ ಅಂತಿದ್ದೆ. ನಿಮ್ಮಲ್ಲಿ ಅದಿಲ್ಲ. ಈಗ ಫ್ಯಾನ್ ಶಾಫ್ಟ್ ಬಾಗಿದೆಯಾ ನೋಡ್ರಿ. ಎರಡು ವಿ-ಬ್ಲಾಕ್ ಮೇಲೆ ಬೇರಿಂಗ್ ಕೂರೋ ಜಾಗಗಳನ್ನಿಟ್ಟು, ತುದಿಗೆ ಡಯಲ್ ಗೇಜ್ ಹಿಡಿದು ಒಂದು ಸುತ್ತು. ನಿಮ್ಮ ಮಾಡೆಲ್ ಮ್ಯಾನುಯಲ್‌ನಲ್ಲಿ ಮಿತಿ ಇರುತ್ತೆ. 0.15 ಎಂಎಂ ದಾಟಿದ್ರೆ ಯಾವ ಮ್ಯಾನುಯಲ್ಲೂ ಬೇಕಿಲ್ಲ, ಶಾಫ್ಟ್ ಬಿಸಾಕಿ. ಪ್ರೆಸ್‌ನಲ್ಲಿ ನೇರ ಮಾಡಿದ್ದು ಮತ್ತೆ ಬಾಗುತ್ತೆ, ಹೊಸ ಸೀಲ್ ತಿಂತದೆ.

ಖಾಲಿ ಕೇಸ್ ತರಿಸೋರು ಮರೆಯೋದು ಶಿಮ್, ಅಂದ್ರೆ ಗೇರ್ ಕೂರೋ ಆಳ ಸರಿಮಾಡೋ ತೆಳು ರಿಂಗ್. ಪ್ರತಿ ಕೇಸಿನ ಬೋರಿಂಗ್ ಆಳ ಕೂದಲೆಳೆಯಷ್ಟು ಬೇರೆ. ಯಮಹಾದ ಹಲವು ಮಾಡೆಲ್‌ಗಳಲ್ಲಿ ಟ್ರಿಮ್ ಟ್ಯಾಬ್ (ಫ್ಯಾನ್ ಮೇಲಿನ ಚಿಕ್ಕ ರೆಕ್ಕೆ) ಕೂರೋ ಮುಖದ ಮೇಲೆ ಎಫ್, ಪಿ, ಆರ್ ಅಂತ ಅಕ್ಷರ ಹೊಡೆದು ಪಕ್ಕಕ್ಕೆ ಪ್ಲಸ್ ಅಥವಾ ಮೈನಸ್ ಅಂಕಿ ಇರುತ್ತೆ. ಮಿಲಿಮೀಟರಿನ ನೂರರಲ್ಲೊಂದು ಭಾಗದ ಲೆಕ್ಕ ಅದು, ಫಾರ್ವರ್ಡ್, ಪಿನಿಯನ್, ರಿವರ್ಸ್ ಶಿಮ್‌ಗೆ. ಹಳೇ ಕೇಸಿನ ಶಿಮ್ಮನ್ನೇ ಹಾಕಿದ್ರೆ ಬಿಗಿಯಾಗಿ ಕಾದು ಹಲ್ಲು ನೀಲಿ ತಿರುಗುತ್ತೆ, ಇಲ್ಲಾ ಸಡಿಲಾಗಿ ಅಂಚಲ್ಲಿ ಕಚ್ಚಿ ಉದುರುತ್ತೆ. ಶಿಮ್ ಅಳೆದು ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ನೋಡೋ ಮೆಕ್ಯಾನಿಕ್ ಸಿಕ್ಕರೆ ಮಾತ್ರ ಖಾಲಿ ಕೇಸ್. ಇಲ್ಲಾಂದ್ರೆ ಜೋಡಿಸಿದ ಯೂನಿಟ್ಟೇ ಲೇಸು.

ಪಟ್ಟಿ ಬರೆದು ರೇಟ್ ಕೇಳ್ರಿ: ಕೇಸ್, ಬೇರಿಂಗ್ ಅಷ್ಟೂ, ಸೀಲ್ ಕಿಟ್, ಶಿಮ್, ಹೊಸ ಪಿನಿಯನ್ ನಟ್ (ಹಳೇದು ಮತ್ತೆ ಹಾಕಬಾರದು), ವಾಟರ್ ಪಂಪ್ ಕಿಟ್, ಮಜೂರಿ. ಮೊತ್ತ ಪೂರ್ತಿ ಯೂನಿಟ್ ಬೆಲೆಯ ಮುಕ್ಕಾಲು ಮುಟ್ಟಿದ್ರೆ ನಾನಂತೂ ಯೂನಿಟ್ ತಗೋತೀನಿ. ಫ್ಯಾನ್ ಹಬ್ ಖರ್ಚು ಎರಡೂ ಕಡೆ ಇದ್ದೇ ಇದೆ, ಅದನ್ನ ಸೇರಿಸಬೇಡಿ.

ಶಾಂತಿಸಾಗರ, ಚನ್ನಗಿರಿ

ಪಿನಿಯನ್ ಅವರು ಹೇಳಿದ್ದು ಸರಿ, ಆದ್ರೆ ಹೊಸದರ ಜೊತೆಗೆ ಮಲ್ಪೆ, ಮಂಗಳೂರು ಕಡೆಯ ಹಳೇ ಯೂನಿಟ್ಟನ್ನೂ ಕೇಳಿ ನೋಡಿ. ಶಾಫ್ಟ್ ಉದ್ದ, ಗೇರ್ ರೇಶಿಯೋ, ಡ್ರೈವ್ ಶಾಫ್ಟಿನ ಹಲ್ಲಿನ ಎಣಿಕೆ ಮೂರೂ ಕೂಡಬೇಕು. ಶಾರ್ಟ್ ಅಂದ್ರೆ 15 ಇಂಚು, ಲಾಂಗ್ 20. ರೇಶಿಯೋ ನೋಡೋಕೆ ಗೇರ್ ಹಾಕಿ, ಫ್ಯಾನ್ ಶಾಫ್ಟ್ ಒಂದು ಸುತ್ತಿಗೆ ಡ್ರೈವ್ ಶಾಫ್ಟ್ ಎಷ್ಟು ಸುತ್ತುತ್ತೆ ಎಣಿಸಿ. ಉಪ್ಪುನೀರಲ್ಲಿ ದುಡಿದ ಯೂನಿಟ್ಟಿನ ಕ್ಯಾರಿಯರ್ ಬೋಲ್ಟ್ ಬಿಚ್ಚಿ ತೋರಿಸಿ ಅನ್ನಿ. ಬಿಚ್ಚೋಕೆ ಒಪ್ಪದಿದ್ರೆ ಒಳಗೆ ಬಿಳಿ ಪುಡಿ ಹಿಡಿದು ಕಚ್ಚಿಕೊಂಡಿದೆ ಅಂತಲೇ ಲೆಕ್ಕ.

ಕೂರಿಸುವಾಗ ಡ್ರೈವ್ ಶಾಫ್ಟಿನ ಹಲ್ಲಿಗೆ ಗ್ರೀಸ್ ಹಚ್ಚಿ, ತುದಿಯ ಚಪ್ಪಟೆ ಮೇಲೆ ಬೇಡ, ಅಲ್ಲಿ ಗ್ರೀಸ್ ಸಿಕ್ಕಿಕೊಂಡ್ರೆ ಶಾಫ್ಟ್ ಪೂರ್ತಿ ಕೂರಲ್ಲ. ಆಯಿಲ್ ಕೆಳಗಿನ ತೂತಿನಿಂದ ತುಂಬಿ, ಮೇಲೆ ಗುಳ್ಳೆ ಇಲ್ಲದೆ ಬಂದಾಗ ಮೊದಲು ಮೇಲಿನ ಪ್ಲಗ್, ಆಮೇಲೆ ಕೆಳಗಿನದು, ಎರಡಕ್ಕೂ ಹೊಸ ವಾಷರ್. ಹತ್ತು ಗಂಟೆ ಓಡಿದ ಮೇಲೆ ಇಳಿಸಿ ಬಣ್ಣ ನೋಡಿ.

ಇನ್ನೊಂದು ಕೇಳೋದಿತ್ತು. ಮೋಟಾರು ಹಾರದಿರಲಿ ಅಂತ ಹಗ್ಗದಲ್ಲಿ ಬಿಗಿದಿದ್ರಾ? ಬಂಡೆ ತಾಗಿದಾಗ ಅದು ಹಿಂದಕ್ಕೆ ಎದ್ದು ಪೆಟ್ಟು ತಪ್ಪಿಸಿಕೊಳ್ಳಬೇಕು. ಕಟ್ಟಿದ್ರೆ ಇಡೀ ದೋಣಿಯ ಭಾರ ಆ ಸ್ಕೆಗ್ ಬುಡಕ್ಕೇ ಬೀಳುತ್ತೆ.

ಕಣಿವೆದೋಣಿ, ಹಿರಿಯೂರು

ಕಟ್ಟಿತ್ತು ಸರ್. ರಿವರ್ಸ್ ಲಾಕಿನ ಕೊಕ್ಕೆ ಸವೆದು ಹಿಂದಕ್ಕೆ ಹೋಗುವಾಗ ಮೋಟಾರು ಮೇಲೇಳ್ತಿತ್ತು, ಅದಕ್ಕೆ ಹಗ್ಗ. ಆ ಕೊಕ್ಕೆ, ಸ್ಪ್ರಿಂಗನ್ನೂ ಪಟ್ಟಿಗೆ ಸೇರಿಸಿದ್ದೀವಿ. ಎರಡೂ ರೇಟ್ ಬಂದ ಮೇಲೆ ಇಲ್ಲೇ ಹಾಕ್ತೀನಿ.